ಒಂದೇ ಬುಟ್ಟಿಯ ರೊಟ್ಟಿ

ಹುಮನಾಬಾದಿನ ಒಂದು ಖಾನಾವಳಿಯಲ್ಲಿ ನಡೆದುದನ್ನು ನಾನು ಕೆಲವರಿಗೆ ಹೇಳಲು ನೋಡಿದ್ದೇನೆ. ಹೇಳುತ್ತಿರುವಾಗಲೇ ಅವರು ನಡುವೆ ಬಾಯಿ ಹಾಕಿ, ಯಾರದು ತಪ್ಪು, ಯಾರದು ಸರಿ ಎಂದು ತೀರ್ಮಾನ ಕೊಟ್ಟುಬಿಡುತ್ತಾರೆ. ನನಗೆ ಅಷ್ಟು ಬೇಗ ತೀರ್ಮಾನಕ್ಕೆ ಬರಲು ಆಗಿಲ್ಲ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ, ಒಂದಾದ ಮೇಲೊಂದರಂತೆ ಬರೆಯುತ್ತಿದ್ದೇನೆ.

ಹಳ್ಳಿಯ ಶಾಲೆಗಳಿಗೆ ಕತೆಪುಸ್ತಕ ತಲುಪಿಸಿ, ಮಕ್ಕಳು ಅವನ್ನು ಓದುತ್ತಿದ್ದಾರೆಯೇ ಎಂದು ನೋಡಿ ಬರುವುದು ನನ್ನ ಕೆಲಸ. ಕಲಬುರಗಿಯಿಂದ ಬಂದು ಬಸವಕಲ್ಯಾಣ, ಹುಮನಾಬಾದ್, ಚಿಟಗುಪ್ಪಾ ಎಂದು ಓಡಾಡುತ್ತೇನೆ. ಇಂಥ ಓಡಾಟದಲ್ಲಿ ಕಷ್ಟವೆಂದರೆ ಮಧ್ಯಾಹ್ನದ ಊಟ. ಹೆದ್ದಾರಿಯ ಧಾಬಾಗಳಲ್ಲಿ ಹೆಂಗಸೊಬ್ಬಳು ಒಬ್ಬಳೇ ಕೂತರೆ ಎದುರಿನ ಮೇಜಿನವರ ಊಟ ನಿಧಾನವಾಗುತ್ತದೆ. ಬಹಳ ದಿನ ನಾನು ಚೀಲದಲ್ಲಿ ಚುರಮುರಿ ಇಟ್ಟುಕೊಂಡೇ ತಿರುಗಿದೆ.

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯೊಂದರಲ್ಲಿ, ಒಂದು ಮನೆಯ ಬಾಗಿಲಿಗೆ ಸುಣ್ಣದಲ್ಲಿ ‘ಊಟ ಅದ’ ಎಂದು ಬರೆದಿತ್ತು. ಒಳಗೆ ಉದ್ದಕ್ಕೆ ಒಂದೇ ಜಮಖಾನೆ. ಮೊದಲು ಬಂದವರು ಗೋಡೆಯ ತುದಿಗೆ, ಆಮೇಲೆ ಬಂದವರು ಅವರ ಪಕ್ಕಕ್ಕೆ, ಜಾಗ ಆರಿಸಿಕೊಳ್ಳುವಂತಿಲ್ಲ. ಹೊಲದಿಂದ ಬರುವವರು ಏನಾದರೂ ತಂದುಕೊಟ್ಟು ಉಣ್ಣಬಹುದು. ನನ್ನ ಎಡಕ್ಕೆ ಕೂತಿದ್ದ ಕೂಲಿಯ ಹೆಂಗಸು ಎರಡು ಸಿವುಡು ಮೆಂತ್ಯೆ ಪಲ್ಲೆ ಕೊಟ್ಟು ಕೂತಿದ್ದಳು. ಅವಳ ಆಚೆ ಕರಿ ಕೋಟಿನ ವಕೀಲರೊಬ್ಬರು. ಉಂಡ ಮೇಲೆ ಇಬ್ಬರೂ ತಮ್ಮ ತಮ್ಮ ತಾಟು ತೊಳೆದಿಟ್ಟರು. ನಾನು ಮೊದಲು ಆ ಕೂಲಿಯ ಹೆಂಗಸಿಗೂ ನನಗೂ ನಡುವೆ ಸ್ವಲ್ಪ ಜಾಗ ಬಿಟ್ಟು ಕೂತದ್ದನ್ನು ನೋಡಿ ಬಡಿಸುವಾಕೆ, ‘ಒತ್ತಿ ಕೂಡ್ರಿ ಅಕ್ಕೋರ, ನಡುವ ಗಾಡಿ ಹೋಗೂದದ ಏನು?’ ಎಂದಳು. ಈ ಕಡೆ ಶಾಲೆಗೆ ಹೋಗುವ ಹೆಂಗಸರೆಲ್ಲ ಅಕ್ಕೋರೇ.

ಹೊರಡುವಾಗ ಅವಳೇ ಹುಮನಾಬಾದಿನ ಖಾನಾವಳಿಯ ಗುರುತು ಹೇಳಿದಳು. ತಮ್ಮಲ್ಲಿಗೆ ಬಂದು ನೋಡಿಕೊಂಡು ಹೋದ ಹೆಂಗಸರು ಅಲ್ಲಿ ಅಂಥದೇ ಒಂದನ್ನು ತೆರೆದಿದ್ದಾರಂತೆ. ರೊಟ್ಟಿ ತಮ್ಮದಕ್ಕಿಂತ ಚೆನ್ನಾಗಿರುತ್ತದೆ, ಆದರೆ ತಾನು ಹಾಗೆ ಅಂದೆನೆಂದು ಅಲ್ಲಿ ಹೇಳಬಾರದು, ಅವರಿಗೆ ಸೊಕ್ಕು ಬರುತ್ತದೆ ಎಂದಳು.

ಹುಮನಾಬಾದಿನದು ಬಸ್ ನಿಲ್ದಾಣದ ಹಿಂದಿನ ತಗಡಿನ ಚಾವಣಿಯ ಕೋಣೆ. ಹಿಂದೆ ಅದು ಬೀಜ ಗೊಬ್ಬರದ ಗೋದಾಮಾಗಿತ್ತಂತೆ. ಬಿಸಿಲು ಏರಿದಾಗ ಗೋಡೆಯಿಂದ ಇನ್ನೂ ಗೊಬ್ಬರದ ವಾಸನೆ ಬರುತ್ತಿತ್ತು. ನಡೆಸುವವರು ಬೇರೆ ಬೇರೆ ಹಳ್ಳಿಯ ಐವರು ಹೆಂಗಸರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ದಿನಾ ಬಂದು ಹೋಗುವುದು ಅವರಿಗೆ ಸಾಧ್ಯವಾಗಿತ್ತು. ಕೋಣೆಯಲ್ಲಿ ಬೇಳೆ, ಪಲ್ಲೆ, ಅನ್ನ ಮಾಡುವಷ್ಟು ಮಾತ್ರ ಒಲೆ. ಹಾಗಾಗಿ ಪ್ರತಿಯೊಬ್ಬರೂ ಬೆಳಗಿನ ಜಾವ ತಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಬಂದ ಕೂಡಲೇ ಐದೂ ಗಂಟು ಬಿಚ್ಚಿ ಒಂದು ದೊಡ್ಡ ಬಿದಿರು ಬುಟ್ಟಿಗೆ ಸುರಿದು, ಇಸ್ಪೀಟು ಎಲೆ ಕಲಸಿದ ಹಾಗೆ ಕಲಸುವರು. ಜನ ಸಾಲಾಗಿ ಕೂತ ಮೇಲೆ ಬುಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಮೇಲಿನದನ್ನು ತೆಗೆದುಕೊಂಡು ಮುಂದಕ್ಕೆ ಕೊಡಬೇಕು. ಅಲ್ಲಿನ ಕಟ್ಟಳೆ ಇದೊಂದೇ.

ಕಟ್ಟಳೆ ಮಾಡಿದವರು ಆಯಿ. ಐವರಲ್ಲಿ ಹಿರಿಯರು, ಘಾಟಬೋರಾಳದ ಕಡೆಯ ದಲಿತ ಕೇರಿಯ ಬೌದ್ಧ ಮನೆತನದವರು. ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದರು. ಶುರುವಿನಲ್ಲಿ ಐದು ಗಂಟುಗಳನ್ನು ಸಾಲಾಗಿ ಇಡುತ್ತಿದ್ದರಂತೆ. ಉಣ್ಣಲು ಬಂದವರು ಇದು ಯಾರ ಮನೆಯದು, ಅದು ಯಾರ ಮನೆಯದು ಎಂದು ಕೇಳಲು ಹತ್ತಿದಾಗ ಬುಟ್ಟಿ ಬಂತು. ‘ನಮ್ಮ ಕೈ ಎಲ್ಲಾರ ಹೊಲದಾಗೂ ಹೋಗ್ಯಾವರಿ ಅಕ್ಕೋರ,’ ಎಂದು ಆಯಿ ಒಮ್ಮೆ ನನಗೆ ಹೇಳಿದರು. ‘ರೊಟ್ಟಿ ಮಾತ್ರ ಯಾರ ತಾಟಿನಾಗೂ ಹೋಗಿದ್ದಿಲ್ಲ.’ ಬೇಸರದಿಂದ ಹೇಳಿದ ಮಾತಲ್ಲ. ಬುಟ್ಟಿಯ ಮೇಲೆ ಕೈಯಿಟ್ಟು, ಅದು ಈಗ ಮುಗಿದ ಸಂಗತಿ ಎನ್ನುವಂತೆ ಹೇಳಿದರು.

ಆಮೇಲೆ ಐವರಲ್ಲಿ ಒಬ್ಬಾಕೆ ಮಗಳ ಬಾಣಂತನಕ್ಕೆಂದು ಹೋದಳು. ಅವಳ ಜಾಗಕ್ಕೆ ಬೇರೊಂದು ಮನೆಯ ಸೊಸೆ ಬಂದಳು. ಕುರಿ ಸಾಕುವ ಮನೆಯವಳು. ತವರು ಕೊಡಂಬಲ, ಕೊಟ್ಟ ಮನೆ ಹುಮನಾಬಾದಿಗೆ ಹತ್ತಿರದ ಹಳ್ಳಿ. ಉಳಿದವರಿಗಿಂತ ಚಿಕ್ಕವಳಾದ್ದರಿಂದ ಎಲ್ಲರಿಗೂ ತಂಗಿಯಾದಳು. ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತಾಗ, ಖಾನಾವಳಿಯಲ್ಲಿ ತನ್ನ ರೊಟ್ಟಿಗಳೇ ಮೊದಲು ಖಾಲಿಯಾಗುತ್ತವೆ ಎಂದು ಮೆಲ್ಲಗೆ ಹೇಳಿದಳು. ಎಲ್ಲ ಕಲಸಿದ ಮೇಲೆ ನಿನ್ನದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ‘ನನ್ನ ಕೈದು ನನಗ ಗುರ್ತ ಸಿಗಂಗಿಲ್ಲೇನ್ರಿ?’ ಎಂದು ನಕ್ಕಳು. ಅವಳ ಮನೆಯಲ್ಲಿ ಅತ್ತೆ ಇವತ್ತಿನವರೆಗೆ ಒಂದು ರೊಟ್ಟಿಯನ್ನೂ ಚೆನ್ನಾಗಿದೆ ಎಂದಿರಲಿಲ್ಲ. ಇಲ್ಲಿ ಪರ ಊರಿನ ಗಂಡಸರು ಹುಡುಕಿ ಹುಡುಕಿ ತಿನ್ನುತ್ತಿದ್ದಾರೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಹುಡುಕುವುದನ್ನು ನಾನು ಮೊದಲು ಕಂಡದ್ದು ಕಾಕಾ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯರ ಕೈಯಲ್ಲಿ. ಅವರು ತೊಗರಿ ಬೆಳೆಯುವ ರೈತರು, ಮಾಲು ಮಾರಲು ಮಂಡಿಗೆ ಬಂದಾಗಲೆಲ್ಲ ಅಲ್ಲೇ ಊಟ. ನನಗೆ ಅವರು ಬಹಳ ಹಿಡಿಸಿದ್ದರು. ಬೇಮಳಖೇಡದ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ಬಸ್ಸು ಸುತ್ತು ಹಾಕಿ ಹೋಗುತ್ತದೆ ಎಂದು ಹೇಳಿಕೊಟ್ಟವರು ಅವರೇ. ಮಂಡಿಯಲ್ಲಿ ಯಾರಾದರೂ ಖಾನಾವಳಿಯ ಬಗ್ಗೆ ಹಗುರವಾಗಿ ಆಡಿದರೆ, ಅಲ್ಲಿ ಉಂಡರೆ ಹೊಟ್ಟೆಯೂ ತುಂಬುತ್ತದೆ, ಪಾಪವೂ ಕಡಿಮೆಯಾಗುತ್ತದೆ ಎಂದು ಜೋರು ಮಾಡುತ್ತಿದ್ದರಂತೆ. ಆ ದಿನ ನನ್ನ ಪಕ್ಕದಲ್ಲಿ ಕೂತು, ಮೊಮ್ಮಗಳು ಶಾಲೆಯಿಂದ ತಂದ ಕತೆಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಬುಟ್ಟಿ ಅವರ ಮಡಿಲಿಗೆ ಬಂತು. ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಎರಡು ಬೆರಳಿನಿಂದ ಮೇಲಿನ ರೊಟ್ಟಿಯ ಅಂಚನ್ನು ಸವರಿದರು. ಅದನ್ನು ಎತ್ತಿ ಅದರ ಕೆಳಗಿನದರ ಅಂಚು, ಅದರ ಕೆಳಗಿನದರ ಅಂಚು. ಅರಿವೆಯ ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವ ಹಾಗೆ. ಕೊನೆಗೆ ಒಂದನ್ನು ಎಳೆದು ತಾಟಿಗೆ ಹಾಕಿಕೊಂಡು ಬುಟ್ಟಿಯನ್ನು ನನ್ನ ಕಡೆ ಸರಿಸಿದರು.

ಅವರ ತಾಟಿನ ರೊಟ್ಟಿಯ ಅಂಚಿನಲ್ಲಿ ಹೆಬ್ಬೆರಳು ಒತ್ತಿದ ಸಣ್ಣ ಕುಳಿ ಇತ್ತು. ಬುಟ್ಟಿಯ ಮೇಲಿದ್ದವುಗಳಲ್ಲಿ ಇರಲಿಲ್ಲ.

ಮೆತ್ತಗಿನದನ್ನು ಹುಡುಕಿರಬಹುದು, ಹಲ್ಲಿನ ತೊಂದರೆ ಇರಬಹುದು ಎಂದುಕೊಂಡೆ. ಮುಂದಿನ ಸಲ ಬಂದಾಗ ಬೇರೆಯವರ ಕೈಗಳನ್ನೂ ನೋಡಿದೆ. ಎಲ್ಲರೂ ಅಲ್ಲ; ಕೂಲಿಯವರು, ಲಾರಿಯವರು, ಕಾಲೇಜಿನ ಹುಡುಗಿಯರು ಮೇಲಿನದನ್ನೇ ತೆಗೆದುಕೊಳ್ಳುತ್ತಿದ್ದರು. ಆದರೆ ಸುತ್ತಲಿನ ಹಳ್ಳಿಗಳ ಎಷ್ಟೋ ಜನ ಅಂಚು ಸವರುತ್ತಿದ್ದರು. ಸಾಲು ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಕುಳಿ ಇದ್ದ ರೊಟ್ಟಿ ಒಂದೂ ಉಳಿಯುತ್ತಿರಲಿಲ್ಲ. ತನ್ನವೇ ಮೊದಲು ಖಾಲಿಯಾಗುತ್ತವೆ ಎಂದು ತಂಗಿ ಹೇಳಿದ್ದು ನೆನಪಾಗಿ, ಯಾರ ಮನೆಯದನ್ನು ಬಿಡಲು ಅದನ್ನು ಹುಡುಕುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಒತ್ತಿ ಕೂತಿದ್ದರು, ಒಂದೇ ಬುಟ್ಟಿಯಿಂದ ತೆಗೆದುಕೊಳ್ಳುತ್ತಿದ್ದರು, ನಗುತ್ತ ಮಾತಾಡುತ್ತಿದ್ದರು. ಬೆರಳು ಮಾತ್ರ ತನ್ನ ಕೆಲಸ ತಾನು ಮಾಡುತ್ತಿತ್ತು.

ಇದನ್ನು ಆಯಿಗೆ ಹೇಳುವ ಪ್ರಸಂಗ ನನಗೆ ಬರಲಿಲ್ಲ. ಅವರಿಗೆ ಆಗಲೇ ಗೊತ್ತಿತ್ತು.

ಅದೇ ಮಧ್ಯಾಹ್ನ ಸಾಲು ಎದ್ದ ಮೇಲೆ ನಾನು ಚಿಟಗುಪ್ಪಾದ ಬಸ್ಸಿಗಾಗಿ ಕೋಣೆಯಲ್ಲೇ ಕಾಯುತ್ತಿದ್ದೆ. ಇಬ್ಬರು ಹೆಂಗಸರು ಮೊದಲ ಬಸ್ಸಿಗೆ ಹೊರಟುಹೋಗಿದ್ದರು. ಆಯಿ ಬುಟ್ಟಿಯಲ್ಲಿ ಉಳಿದದ್ದನ್ನು ನೆಲದ ಮೇಲೆ ಬಟ್ಟೆ ಹಾಸಿ ಹರಡಿದರು. ಪಲ್ಲೆ ಮಾಡುವಾಕೆ, ಎಲ್ಲರೂ ಅತ್ತಿಗೆಯನ್ನು ಕರೆಯುವಂತೆ ವೈನಿ ಎಂದು ಕರೆಯುವಾಕೆ, ಪಾತ್ರೆ ಬೆಳಗುತ್ತಿದ್ದಳು. ಅವಳದು ಹರಿತ ನಾಲಿಗೆ. ಆಯಿ ತಂಗಿಯನ್ನು ಕರೆದು, ಇದರಲ್ಲಿ ನಿನ್ನದು ಒಂದಾದರೂ ಇದೆಯೇ ನೋಡು ಎಂದರು.

ತಂಗಿ ಕುಕ್ಕರಗಾಲಲ್ಲಿ ಕೂತು ನೋಡಿ, ಇಲ್ಲ, ತನ್ನವು ಆಗಲೇ ಮುಗಿದವು ಎಂದಳು. ಹೇಳುವಾಗ ನಗು ತಡೆದುಕೊಂಡಿದ್ದಳು.

‘ದಿನಾ ನಿನ್ನವ ಮುಗೀತಾವ, ನಮ್ಮವ ಉಳೀತಾವ,’ ಎಂದರು ಆಯಿ. ‘ಯಾಕ?’

ಹಿರಿಯರ ಮನಸ್ಸಿಗೆ ನೋವಾಗಿದೆ ಎಂದು ಅವಳಿಗೆ ಅನಿಸಿತೋ ಏನೋ. ‘ನಿಮ್ಮವೂ ಚಲೋನ ಇರ್ತಾವರಿ ಆಯಿ,’ ಎಂದಳು.

ವೈನಿ ಪಾತ್ರೆ ಕೆಳಗಿಟ್ಟಳು. ‘ತಿಂದೀಯೇನ ಬೇ ನೀ? ತಿನ್ನಲಾರದ ಚಲೋ ಅದ ಅಂತ ಯಾವ ಸಾಲಿಯಾಗ ಕಲತಿ?’

ತಂಗಿ ಅಲ್ಲಿ ಊಟ ಮಾಡುತ್ತಿರಲಿಲ್ಲ. ದಿನಾ ಏನಾದರೂ ಒಂದು ನೆವ ಹೇಳುತ್ತಿದ್ದಳಂತೆ, ಹೊಟ್ಟೆ ಸರಿಯಿಲ್ಲ, ಉಪವಾಸ, ಮನೆಗೆ ಹೋಗಿ ಉಣ್ಣುತ್ತೇನೆ ಎಂದು. ಉಳಿದವರು ಒತ್ತಾಯ ಮಾಡುತ್ತಿರಲಿಲ್ಲ. ಈಗ ಕೇಳಿದ್ದಕ್ಕೆ ಮರೆಮಾಡದೆ ಹೇಳಿದಳು: ಅಲ್ಲಿ ಮಾಡು, ಅಲ್ಲಿ ಉಣ್ಣಬೇಡ ಎಂದು ಅತ್ತೆ ಮಾತು ತೆಗೆದುಕೊಂಡೇ ಹೊರಗೆ ಕಳಿಸಿದ್ದರು. ದಿನಾ ಸಂಜೆ ಏನು ಉಂಡೆ ಎಂದು ಕೇಳುತ್ತಾರೆ. ಮಾತು ತಪ್ಪಿದರೆ ಮರುದಿನದಿಂದ ಮನೆಯಲ್ಲೇ.

ಆಯಿ, ರೊಟ್ಟಿಯ ಅಂಚಿಗೆ ಹೆಬ್ಬೆರಳು ಯಾಕೆ ಒತ್ತುತ್ತೀ ಎಂದು ಕೇಳಿದರು.

ತಂಗಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ತಾನು ಒತ್ತುತ್ತೇನೆ ಎಂಬುದೇ ಅವಳ ನೆನಪಿನಲ್ಲಿ ಇರಲಿಲ್ಲ. ಯೋಚಿಸಿ, ತಡೆದು ತಡೆದು ಹೇಳಿದಳು. ತವರಿನಲ್ಲಿ ಗಂಡಸರು ಕುರಿ ಹೊಡೆದುಕೊಂಡು ದಿನಗಟ್ಟಲೆ ಹೋಗುತ್ತಾರೆ. ಅವರಿಗೆ ಕಟ್ಟುವ ರೊಟ್ಟಿಯನ್ನು ಚೆನ್ನಾಗಿ ಒಣಗಿಸಬೇಕು. ಮನೆಯಲ್ಲಿ ತಿನ್ನುವ ರೊಟ್ಟಿಯೊಂದಿಗೆ ಅದು ಕೂಡಿಹೋಗದಿರಲಿ ಎಂದು, ಹೊರಗೆ ಹೋಗುವ ರೊಟ್ಟಿಗೆ ಹಿಟ್ಟು ಹಸಿಯಿರುವಾಗಲೇ ಹೆಬ್ಬೆರಳು ಒತ್ತುವುದು. ಅಜ್ಜಿ ಕಲಿಸಿದ್ದು. ಖಾನಾವಳಿಯ ರೊಟ್ಟಿಯೂ ಮನೆಯಿಂದ ಹೊರಗೆ ಹೋಗುವಂಥದೇ ಅಲ್ಲವೇ. ಕೈ ತಾನಾಗಿ ಒತ್ತಿದೆ.

‘ಕುರಿ ಹಿಂದ ಹೋಗೂ ರೊಟ್ಟಿ ಈಗ ಮಂಡಿ ಮಂದಿ ಹಿಂದ ಹೊಂಟಾವ,’ ಎಂದಳು ವೈನಿ. ಆಮೇಲೆ ಮಂಡಿಯಲ್ಲಿ ತನ್ನ ಗಂಡ ಕೇಳಿಸಿಕೊಂಡು ಬಂದದ್ದನ್ನು ಹೇಳಿದಳು. ಬೆರಳು ಒತ್ತಿದ್ದು ಕುರುಬರ ಮನೆಯದು, ಅದನ್ನು ಧಾರಾಳ ತಿನ್ನಬಹುದು. ಉಳಿದದ್ದು ಯಾರದೋ ಏನೋ ಎಂದು ಅಲ್ಲಿ ಆಡಿಕೊಳ್ಳುತ್ತಿದ್ದರಂತೆ.

‘ನಂದು ಸಿಕ್ಕೀತು ಅಂತ ಎಲ್ಲಾರವೂ ಬಿಡಾಕತ್ತಾರ,’ ಎಂದರು ಆಯಿ.

ತಂಗಿ ಮೊದಲು, ತಾನು ಅಂಥ ಕೆಲಸ ಮಾಡುವವಳಲ್ಲ, ಮಕ್ಕಳ ಮೇಲಾಣೆ ಎಂದು ಗಡಬಡಿಸಿದಳು. ಆಯಿ ಕೈ ಎತ್ತಿ ತಡೆದರು. ನೀನು ಮಾಡಿದೆ ಎಂದು ಯಾರೂ ಅನ್ನುತ್ತಿಲ್ಲ ಎಂದರು. ಅಷ್ಟರಲ್ಲಿ ತಂಗಿಗೆ ಇನ್ನೊಂದು ಹೊಳೆಯಿತು. ಅದು ಅವಳ ಮುಖದ ಮೇಲೆ ಬಂದದ್ದನ್ನು ನಾನು ನೋಡಿದೆ.

‘ಅಂದ್ರ ನನ್ನ ರೊಟ್ಟಿ ಚಲೋ ಅಂತ ತಿಂದಿಲ್ಲ ಅವ್ರು,’ ಎಂದಳು.

ತಂಗಿ ಬಟ್ಟೆಯ ಮೇಲಿನ ಒಂದು ರೊಟ್ಟಿಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟಳು.

ನಾಳೆಯಿಂದ ಐದೂ ಮಂದಿ ಬೆರಳು ಒತ್ತೋಣ, ಹುಡುಕುವವರು ಹುಡುಕಿಕೊಂಡು ಕೂರಲಿ ಎಂದಳು ವೈನಿ. ನನಗೆ ಅದು ಸರಿ ಎನಿಸಿತು. ಆಯಿ ಒಪ್ಪಲಿಲ್ಲ. ನನ್ನ ರೊಟ್ಟಿ ಇವಳ ರೊಟ್ಟಿಯ ಹೆಸರಿನಲ್ಲಿ ಯಾರ ಹೊಟ್ಟೆಗೂ ಹೋಗುವುದು ಬೇಡ ಎಂದರು. ಹಾಗಾದರೆ ತಂಗಿ ಒತ್ತುವುದನ್ನು ಬಿಡಲಿ ಎಂದಳು ವೈನಿ. ಅದಕ್ಕೂ ಆಯಿ ತಲೆ ಅಲ್ಲಾಡಿಸಿದರು. ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತ, ‘ಬುಟ್ಟ್ಯಾಗ ನಾನೂ ಅಡಗಿ ಕುಂತಿದ್ದೆ,’ ಎಂದರು. ‘ಇನ್ನ ಒಲಿ ಮುಂದಕ್ಕ ತರೂನು. ಕಣ್ಣ ಮುಂದ ಬಡೀತೀನಿ. ತಿನ್ನೋರು ತಿನ್ನಲಿ. ಯಾರೂ ತಿನ್ನಲಿಲ್ಲ ಅಂದ್ರ ನಾ ರೊಟ್ಟಿ ಬಿಟ್ಟು ಮನಿಗಿ ಹೋಗ್ತೀನಿ, ನೀವ ನಡಸ್ರಿ.’

ವೈನಿ ಬೇಡವೆಂದು ಜಗಳಕ್ಕೆ ನಿಂತಳು. ಆಯಿ ಬಗ್ಗಲಿಲ್ಲ. ಒಬ್ಬೊಬ್ಬರದು ಒಂದೊಂದು ವಾರದ ಪಾಳಿ, ಮೊದಲನೆಯದು ತಮ್ಮದು ಎಂದು ಗಟ್ಟಿ ಮಾಡಿದರು.

ಆಯಿಯ ಪಾಳಿ ಶುರುವಾಗುವ ಸೋಮವಾರ ನಾನು ಬೇಮಳಖೇಡದ ಶಾಲೆಯಲ್ಲಿ ಇರಬೇಕಿತ್ತು. ಹೆಡ್ ಮಾಸ್ತರರಿಗೆ ಫೋನ್ ಮಾಡಿ ಮರುದಿನ ಬರುತ್ತೇನೆಂದು ಹೇಳಿ ಹುಮನಾಬಾದಿನಲ್ಲೇ ಇಳಿದೆ. ಗ್ಯಾಸಿನ ಒಂದು ಒಲೆಯನ್ನು ಬಾಗಿಲ ಹತ್ತಿರ, ಸಾಲಿನ ಎದುರಿಗೇ ಇಟ್ಟಿದ್ದರು. ಬುಟ್ಟಿ ಕಾಣಲಿಲ್ಲ. ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ರೊಟ್ಟಿ ಬಡಿಯುತ್ತಿದ್ದರು. ಸಪ್ಪಳ ರಸ್ತೆಗೆ ಕೇಳುತ್ತಿತ್ತು. ಬಂದವರು ಹೊಸ್ತಿಲಲ್ಲಿ ನಿಂತು ನೋಡುವರು. ಕೆಲವರು ನೇರ ಬಂದು ಕೂತರು. ಕೆಲವರು ಮಂಡಿಯಲ್ಲಿ ಕೆಲಸ ಮುಗಿಸಿ ಬರುತ್ತೇವೆ ಎಂದರು. ಒಬ್ಬ ಚಪ್ಪಲಿ ಬಿಟ್ಟವನು ಮತ್ತೆ ಮೆಟ್ಟಿಕೊಂಡ.

ಕಾಕಾ ಬಂದರು. ಒಲೆಯನ್ನು ನೋಡಿದರು, ಆಯಿಯನ್ನು ನೋಡಿದರು. ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಆಯಿ ಉಬ್ಬಿದ ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಹಾಕಿದರು. ಉಗಿ ಹೋಗುವವರೆಗೆ ಅವರು ಮುಟ್ಟಲಿಲ್ಲ. ಆಮೇಲೆ, ಇವತ್ತು ಹೊಟ್ಟೆ ಸರಿಯಿಲ್ಲ, ಅನ್ನವೇ ಸಾಕು ಎಂದರು.

‘ಅನ್ನಾನೂ ನಾನ ಮಾಡೀನಿ, ಕಾಕಾ,’ ಎಂದರು ಆಯಿ. ದನಿ ಏರಿಸಲಿಲ್ಲ, ಕೈ ನಿಲ್ಲಿಸಲಿಲ್ಲ.

ಸಾಲಿನಲ್ಲಿ ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಕಾಕಾ ಎದ್ದುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಲಗೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ನನಗೆ ಅವರ ಮೇಲೆ ಸಿಟ್ಟು ಬರುತ್ತದೆಂದು ತಯಾರಾಗಿ ಬಂದಿದ್ದೆ. ಬಂದದ್ದು ಬೇರೆ. ಹುಟ್ಟಿದಾಗಿನಿಂದ ಹೇಳಿಸಿಕೊಂಡದ್ದು ಒಂದು ಕಡೆ, ತಾವೇ ಮಂಡಿಯಲ್ಲಿ ಹೊಗಳುತ್ತಿದ್ದ ಈ ಜಾಗ ಇನ್ನೊಂದು ಕಡೆ. ನಡುವೆ ಒಬ್ಬ ಮುದುಕ, ಎಲ್ಲರ ಕಣ್ಣೆದುರು. ಆಯಿ ಆ ಕಡೆ ನೋಡದೆ ಹಿಟ್ಟು ನಾದುತ್ತಿದ್ದರು. ನೋಡದಿರಲು ಅವರು ಪಡುತ್ತಿದ್ದ ಶ್ರಮ ಅವರ ಕತ್ತಿನ ನರದಲ್ಲಿ ಕಾಣುತ್ತಿತ್ತು.

ತಂಗಿ ಬೇಳೆಯ ಬೋಗುಣಿ ಹಿಡಿದು ಬಡಿಸುತ್ತ ಬರುತ್ತಿದ್ದಳು. ಕಾಕಾನ ಎದುರು ನಿಂತಳು. ಬೋಗುಣಿಯನ್ನು ನೆಲಕ್ಕಿಟ್ಟು, ಒಂದು ತಾಟು ತೆಗೆದುಕೊಂಡು, ಅವರ ಆಚೆ ಬದಿಗೆ ಒತ್ತಿ ಕೂತಳು.

‘ಆಯಿ, ನನಗೂ ಒಂದ ಹಾಕ್ರಿ.’

ಬಡಿಯುವ ಸಪ್ಪಳ ನಿಂತಿತು. ‘ನಿಮ್ಮತ್ತಿ?’ ಎಂದರು ಆಯಿ.

‘ಕೇಳಿದ್ರ ಹೇಳ್ತೀನಿ.’

ಆಯಿ ಹಂಚಿನ ಮೇಲಿದ್ದುದನ್ನು ತಂದು ಅವಳ ತಾಟಿಗೆ ಹಾಕಿದರು. ತಂಗಿ ಅಂಚಿನಿಂದ ಒಂದು ಚೂರು ಮುರಿದು, ಬೇಳೆಗೆ ಅದ್ದದೆ, ಬರೀ ರೊಟ್ಟಿಯನ್ನೇ ಬಾಯಿಗಿಟ್ಟಳು. ನಿಧಾನ ಅಗಿದಳು. ನಡುವಿನಿಂದ ಇನ್ನೊಂದು ಚೂರು ಮುರಿದಳು. ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು.

‘ಅಂಚ ದಪ್ಪ ಆಗ್ಯಾದ ಆಯಿ,’ ಎಂದಳು. ‘ನಡುವ ಬೆಂದದ. ಅಂಚಿಗಿ ಜರಾ ಹಸಿ ಅದ.’

ಒಳಗಿನಿಂದ ವೈನಿ ಸೌಟು ಹಿಡಿದು ಹೊರಬಂದಳು. ಆಯಿಯ ಮುಖ ನೋಡಿ ಬಾಗಿಲಲ್ಲೇ ನಿಂತಳು. ಆಯಿ ಸಿಟ್ಟಾಗಿರಲಿಲ್ಲ. ಯಾರೂ ಕೇಳದ ಪ್ರಶ್ನೆಯನ್ನು ಕಡೆಗೂ ಯಾರೋ ಕೇಳಿದ ಹಾಗೆ ತಂಗಿಯನ್ನೇ ನೋಡುತ್ತಿದ್ದರು.

ಇಷ್ಟರಲ್ಲಿ ಕಾಕಾ ತಮ್ಮ ರೊಟ್ಟಿಯನ್ನು ಮುರಿದಿದ್ದರು. ಯಾವಾಗ ಮುರಿದರೋ ನಾನು ನೋಡಲಿಲ್ಲ. ನನ್ನ ಕಣ್ಣು ತಂಗಿಯ ಮೇಲಿತ್ತು. ನಾನು ತಿರುಗಿದಾಗ ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು, ಅವರು ತಲೆ ತಗ್ಗಿಸಿ ಅಗಿಯುತ್ತಿದ್ದರು. ಅವರು ತಿಂದರು ಎಂದಷ್ಟೇ ಹೇಳಬಲ್ಲೆ. ನಾಚಿಕೆಯಿಂದಲೋ, ಹಸಿವಿನಿಂದಲೋ, ಪಕ್ಕದಲ್ಲಿ ಮಗಳ ವಯಸ್ಸಿನವಳು ತಿಂದಳೆಂದೋ, ನನಗೆ ತಿಳಿಯದು. ಆಮೇಲೆ ಅವರು ಅಲ್ಲಿಗೆ ಬಂದದ್ದನ್ನು ನಾನು ಕಂಡಿಲ್ಲ. ನಾನಿಲ್ಲದ ದಿನಗಳಲ್ಲಿ ಬಂದಿರಬಹುದು. ಉಣ್ಣಲು ಬರುವವರು ಈಗ ಮೊದಲಿಗಿಂತ ಕಡಿಮೆ. ತಂಗಿ ಕೆಲವು ದಿನ ಕೆಲಸಕ್ಕೆ ಬರಲಿಲ್ಲ, ಆಮೇಲೆ ಬಂದಳು. ಅತ್ತೆ ಏನೆಂದರು ಎಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ.

ಆ ಮಧ್ಯಾಹ್ನ ಆಯಿ ಹಂಚಿನ ಮೇಲಿದ್ದ ಮುಂದಿನ ರೊಟ್ಟಿಯ ಅಂಚನ್ನು ತಾವೇ ಚಿವುಟಿ ಬಾಯಿಗೆ ಹಾಕಿಕೊಂಡು ನೋಡಿದರು.

‘ಹೌದ,’ ಎಂದರು. ‘ಹಿಟ್ಟ ಬಿರುಸಾಗ್ಯಾದ. ಏಳಬ್ಯಾಡ, ಇನ್ನೊಂದ ಬಡೀತೀನಿ.’

ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ನಾದಿದರು. ಈ ಸಲ ಅಂಚಿನವರೆಗೂ ಬೆರಳು ಓಡಿಸಿ ತೆಳ್ಳಗೆ ಬಡಿದರು. ತಂಗಿ ತಾಟು ಮುಂದೆ ಹಿಡಿದು ಕಾಯುತ್ತಿದ್ದಳು.